ಕರಾರು ಮುರಿದರೆ ಜೈಲಲ್ಲ: ಒಂದು ಲೇಖನಕ್ಕೆ ಉತ್ತರ

ನಮಸ್ಕಾರ,

ಬಿ.ಕಾಂ., ಬಿ.ಬಿ.ಎ. ಓದುವವರಿಗೆ ಕಾನೂನು ಪರಿಚಯಿಸುವ ನಿಮ್ಮ ಲೇಖನ ಓದಿದೆ. ಭಾಷೆ ತಿಳಿಯಾಗಿದೆ. ಯಾವ ಕೋರ್ಟಿನ ಮೇಲೆ ಯಾವ ಕೋರ್ಟು ಅನ್ನೋದನ್ನು ಸರಿಯಾಗಿ ಹೇಳಿದ್ದೀರಿ. ಕನ್ನಡದಲ್ಲಿ ಇಂಥದ್ದು ಬರೆಯುವವರೇ ಕಡಿಮೆ, ಹಾಗಾಗಿ ಖುಷಿಯೂ ಆಯ್ತು. ಆದರೆ ಕರಾರಿನ ಬಗ್ಗೆ ಇರುವ ನಾಲ್ಕನೇ ಪುಟಕ್ಕೆ ಬಂದಾಗ ನಿಜಕ್ಕೂ ಸಿಟ್ಟು ಬಂತು. ಅದರ ಬಗ್ಗೆಯೇ ಬರೆಯುತ್ತೇನೆ, ಉಳಿದದ್ದು ಆಮೇಲೆ ನೋಡೋಣ.

ಆ ಪುಟದ ಮೊದಲ ಸಾಲು: 'ಬರವಣಿಗೆಯಲ್ಲಿ ಇಲ್ಲದ ಕರಾರಿಗೆ ಕಾನೂನಿನ ಮಾನ್ಯತೆ ಇರುವುದಿಲ್ಲ.' ಇದು ತಪ್ಪು. 1872ರ ಕರಾರು ಕಾಯ್ದೆಯ 10ನೇ ಸೆಕ್ಷನ್ ತೆಗೆದು ನೋಡಿ. ಇಬ್ಬರೂ ಮನಸ್ಸಿನಿಂದ ಒಪ್ಪಿರಬೇಕು, ಕರಾರು ಮಾಡುವ ಅರ್ಹತೆ ಇಬ್ಬರಿಗೂ ಇರಬೇಕು, ಕೊಟ್ಟದ್ದಕ್ಕೆ ಪ್ರತಿಫಲ ಇರಬೇಕು, ಉದ್ದೇಶ ಕಾನೂನಿಗೆ ವಿರುದ್ಧ ಆಗಿರಬಾರದು, ಕಾಯ್ದೆಯೇ ಅಂಥ ಕರಾರನ್ನು ರದ್ದು ಅಂದಿರಬಾರದು. ಬೇರೆ ಯಾವುದಾದರೂ ಕಾನೂನು ಕೇಳಿದ ಕಡೆ ಮಾತ್ರ ಬರವಣಿಗೆ, ಸಾಕ್ಷಿ, ನೋಂದಣಿ ಬೇಕು. ಚಿಕ್ಕಪೇಟೆಯ ಅಂಗಡಿಯವರು ಫೋನಿನಲ್ಲೇ ಸೀರೆಗೆ ಆರ್ಡರ್ ಹೇಳಿ, ಆ ಕಡೆಯವರು ರೇಟು ಒಪ್ಪಿ 'ಕಳಿಸ್ತೀನಿ' ಅಂದರೆ ಅದೂ ಕರಾರೇ. ಬಾಯಿಮಾತನ್ನು ಕೋರ್ಟಿನಲ್ಲಿ ಸಾಬೀತು ಮಾಡೋದು ಕಷ್ಟ, ನಿಜ, ಆದರೆ ಸಾಬೀತು ಮಾಡೋದು ಕಷ್ಟ ಅಂದ ಮಾತ್ರಕ್ಕೆ ಕರಾರೇ ಇಲ್ಲ ಅಂತಾಗುವುದಿಲ್ಲ. ನಿಮ್ಮ ಲೇಖನ ಓದಿದ ಹುಡುಗ ನಾಳೆ ಅಪ್ಪನ ಅಂಗಡಿಯಲ್ಲಿ ಕೂತು 'ಏನೂ ಬರೆದುಕೊಟ್ಟಿಲ್ಲವಲ್ಲ, ಮಾಲು ಕಳಿಸದಿದ್ದರೂ ನಡೆಯುತ್ತೆ' ಅಂದುಕೊಂಡರೆ ಅದರ ಹೊಣೆ ಯಾರದು?

ಎರಡನೇ ಸಾಲು: 'ಉದಾಹರಣೆಗೆ, ಮನೆ ಬಾಡಿಗೆ ಕರಾರನ್ನು 11 ತಿಂಗಳಿಗೆ ಬರೆಯುವುದು ವಾಡಿಕೆ.' ಅಷ್ಟೇ ಹೇಳಿ ಮುಂದೆ ಹೋಗಿಬಿಟ್ಟಿದ್ದೀರಿ. ಯಾಕೆ 11? ಬೆಂಗಳೂರಲ್ಲಿ ಬಾಡಿಗೆ ಮನೆ ಹಿಡಿದವರೆಲ್ಲ ಈ ಕಾಗದಕ್ಕೆ ಸಹಿ ಹಾಕಿದ್ದಾರೆ, ಕಾರಣ ಹೇಳಿ ಅಂದರೆ ಬಹಳ ಜನಕ್ಕೆ ಗೊತ್ತಿಲ್ಲ. 1908ರ ನೋಂದಣಿ ಕಾಯ್ದೆಯ 17ನೇ ಸೆಕ್ಷನ್ ಪ್ರಕಾರ ಒಂದು ವರ್ಷ ಮೀರಿದ ಗುತ್ತಿಗೆ ಪತ್ರವನ್ನು ನೋಂದಾಯಿಸಲೇಬೇಕು. ಸಬ್ ರಿಜಿಸ್ಟ್ರಾರ್ ಕಚೇರಿಯ ಓಡಾಟ, ಖರ್ಚು ಬೇಡ ಅಂತ ಜನ ಒಂದು ತಿಂಗಳು ಕಡಿಮೆ ಮಾಡಿಕೊಂಡರು. ಒಂದು ಕಾನೂನು ಜನರ ಅಭ್ಯಾಸವನ್ನೇ ಹೇಗೆ ಬದಲಿಸುತ್ತೆ ಅಂತ ತೋರಿಸೋಕೆ ಇದಕ್ಕಿಂತ ಒಳ್ಳೆ ಉದಾಹರಣೆ ಬೇಕಾ? ಕೈಗೆ ಸಿಕ್ಕಿತ್ತು, ಬಿಟ್ಟುಬಿಟ್ಟಿರಿ.

ಮೂರನೇ ಸಾಲು ನನ್ನನ್ನು ಜಾಸ್ತಿ ಕಾಡಿದ್ದು: 'ಕರಾರು ಮುರಿದವರನ್ನು ಕಾನೂನು ಶಿಕ್ಷಿಸುತ್ತದೆ.' ಇಲ್ಲ, ಶಿಕ್ಷಿಸುವುದಿಲ್ಲ. ಕರಾರು ಕಾಯ್ದೆಯ 73ನೇ ಸೆಕ್ಷನ್ ಹೇಳುವುದು ಪರಿಹಾರದ ಮಾತು, ಅಂದರೆ ಆದ ನಷ್ಟ ತುಂಬಿಕೊಡುವ ಮಾತು. ಅದಕ್ಕೂ ಮಿತಿ ಇದೆ. 1854ರ ಇಂಗ್ಲೆಂಡಿನ ಹ್ಯಾಡ್ಲಿ ಪ್ರಕರಣ ನಿಮಗೆ ಗೊತ್ತಿರಲೇಬೇಕು. ಗ್ಲೌಸ್ಟರ್‌ನ ಗಿರಣಿಯೊಂದರ ಶಾಫ್ಟ್ ಮುರಿಯಿತು, ಅದನ್ನು ಸಾಗಿಸಬೇಕಾದವರು ತಡ ಮಾಡಿದರು, ಅಷ್ಟು ದಿನ ಗಿರಣಿ ನಿಂತಿತು. ನಿಂತ ದಿನಗಳ ಲಾಭ ಕೊಡಿ ಅಂತ ಗಿರಣಿಯವರು ಕೇಳಿದಾಗ ಕೋರ್ಟು ಒಪ್ಪಲಿಲ್ಲ. ಸಹಜವಾಗಿ ಆಗುವ ನಷ್ಟ, ಇಲ್ಲವೇ ಕರಾರಿನ ಹೊತ್ತಿಗೇ ಇಬ್ಬರಿಗೂ ಗೊತ್ತಿದ್ದ ನಷ್ಟ, ಅಷ್ಟಕ್ಕೆ ಮಾತ್ರ ಪರಿಹಾರ. ನಮ್ಮ 73ನೇ ಸೆಕ್ಷನ್ನಿನಲ್ಲಿ ಇರುವುದೂ ಇದೇ ತತ್ವ. ಹಣ ವಸೂಲಿಗೆ ಸಿವಿಲ್ ಕೋರ್ಟು, ಅಪರಾಧಕ್ಕೆ ಕ್ರಿಮಿನಲ್ ಕೋರ್ಟು. ಈ ಗೆರೆ ಗೊತ್ತಿಲ್ಲದೆ ಎಷ್ಟೋ ಜನ ಬಾಕಿ ವಸೂಲಿಗೆ ಪೊಲೀಸ್ ಸ್ಟೇಷನ್ನಿಗೆ ಹೋಗುತ್ತಾರೆ. ಚೆಕ್ ಬೌನ್ಸ್ ಆದರೆ ಮಾತು ಬೇರೆ. 1881ರ ನೆಗೋಷಿಯಬಲ್ ಇನ್‌ಸ್ಟ್ರುಮೆಂಟ್ಸ್ ಕಾಯ್ದೆಯ (ಚೆಕ್ಕು, ಪ್ರಾಮಿಸರಿ ನೋಟುಗಳ ಕಾಯ್ದೆ) 138ನೇ ಸೆಕ್ಷನ್ ಅದನ್ನು ಅಪರಾಧ ಅನ್ನುತ್ತೆ, ಎರಡು ವರ್ಷದವರೆಗೆ ಜೈಲೂ ಆಗಬಹುದು. ಬ್ಯಾಂಕಿನಿಂದ ಸುದ್ದಿ ಬಂದ 30 ದಿನದೊಳಗೆ ನೋಟಿಸ್ ಕೊಡಬೇಕು, ನೋಟಿಸ್ ತಲುಪಿದ ಮೇಲೆ ಹಣ ಕಟ್ಟಲು 15 ದಿನ, ಆಗಲೂ ಕಟ್ಟದಿದ್ದರೆ ಒಂದು ತಿಂಗಳೊಳಗೆ ದೂರು. ಇದನ್ನು ಒಂದು ಪ್ಯಾರಾದಲ್ಲಿ ಹೇಳಿದ್ದರೆ ಸಾಕಿತ್ತು, ಅಂಗಡಿ ಇಡುವ ಹುಡುಗಿ ಅದನ್ನು ಮರೆಯುವುದಿಲ್ಲ.

ನಾನು ಕೆಲಸ ಕಲಿತದ್ದು ಒಬ್ಬ ಹಿರಿಯ ಸಂಪಾದಕರ ಕೈಕೆಳಗೆ. ಅವರ ಡ್ರಾಯರ್ ತುಂಬ ಅವೆನ್ಯೂ ರೋಡ್, ಎಸ್.ಪಿ. ರೋಡ್ ಅಂಗಡಿಗಳ ಹಳೇ ಬಿಲ್ಲುಗಳು. ಒಂದನ್ನು ತೆಗೆದು ಕೈಗಿಟ್ಟು 'ಕೊನೇ ಸಾಲು ಓದು, ಅದು ಯಾರಿಗೆ ಏನು ಮಾಡುತ್ತೆ ಅಂತ ಬರ್ಕೊಂಡು ಬಾ' ಅನ್ನುತ್ತಿದ್ದರು. ಕೊನೇ ಸಾಲು ಅಂದರೆ ಅಡಿಯಲ್ಲಿ ಸಣ್ಣಕ್ಷರದಲ್ಲಿ ಇರುತ್ತಲ್ಲ, 'ಸಬ್ಜೆಕ್ಟ್ ಟು ಬ್ಯಾಂಗಲೋರ್ ಜೂರಿಸ್‌ಡಿಕ್ಷನ್' ಅಂತ, ಅದು. ವ್ಯಾಜ್ಯ ಬಂದರೆ ಬೆಂಗಳೂರಿನ ಕೋರ್ಟಿನಲ್ಲೇ ಅಂತ ಅದರ ಅರ್ಥ. ನಾನು ಸಿಟಿ ಸಿವಿಲ್ ಕೋರ್ಟಿನ ಆವರಣಕ್ಕೆ ಹೋಗಿ, ಟೀ ಕುಡಿಯುತ್ತಿದ್ದ ವಕೀಲರನ್ನು ಹಿಡಿದು ಕೇಳಿಕೊಂಡು ಬರುತ್ತಿದ್ದೆ. ವ್ಯಾಜ್ಯ ಕೇಳುವ ಅಧಿಕಾರ ಎರಡು ಊರಿನ ಕೋರ್ಟಿಗೆ ಇದ್ದರೆ ಒಂದನ್ನು ಆರಿಸಿಕೊಳ್ಳಬಹುದು, ಅಧಿಕಾರವೇ ಇಲ್ಲದ ಕೋರ್ಟಿಗೆ ಇಬ್ಬರೂ ಸೇರಿ ಅಧಿಕಾರ ಕೊಡಲು ಬರುವುದಿಲ್ಲ ಅಂತ ನಾನು ತಿಳಿದದ್ದು ಹಾಗೆ. ಇನ್ನೊಂದು ಬಿಲ್ಲಿನಲ್ಲಿ 'ಮಾರಿದ ಮಾಲನ್ನು ವಾಪಸ್ ಪಡೆಯುವುದಿಲ್ಲ' ಅಂತ ಇತ್ತು. ಈಗಿನ 2019ರ ಗ್ರಾಹಕರ ಕಾಯ್ದೆಯಲ್ಲಿ ದೋಷವಿರುವ ಮಾಲನ್ನು ಬಿಲ್ಲಿನಲ್ಲಿ ಹೇಳಿದ ಅವಧಿಯಲ್ಲಿ, ಹೇಳಿಲ್ಲದಿದ್ದರೆ 30 ದಿನದಲ್ಲಿ, ವಾಪಸ್ ಪಡೆಯದಿದ್ದರೆ ಅದು ಅನುಚಿತ ವ್ಯಾಪಾರ ಪದ್ಧತಿ. ಕಾನೂನು ಯಾರದೋ ದುಡ್ಡಿನ ಮೇಲೆ, ಯಾರದೋ ಅಂಗಡಿಯ ಮೇಲೆ ಬಂದು ಬೀಳುತ್ತೆ ಅನ್ನೋದು ನನಗೆ ಗೊತ್ತಾದದ್ದು ಆ ಬಿಲ್ಲುಗಳಿಂದ.

ನಿಮ್ಮ ಲೇಖನದಲ್ಲಿ ಆ 'ಯಾರೋ' ಇಲ್ಲವೇ ಇಲ್ಲ. ಮೊದಲ ಎರಡು ಪುಟ ಕಾನೂನು ಅಂದರೇನು ಅಂತ ಹೇಳಿದ ಪಂಡಿತರಾದ ಆಸ್ಟಿನ್ ಏನಂದ, ಸಾಲ್ಮಂಡ್ ಏನಂದ ಅಂತಲೇ ಹೋಗಿದೆ. ಅದನ್ನು ಪೂರ್ತಿ ತೆಗೆಯಿರಿ. ಒಂದು ಬಿಲ್ಲಿನಿಂದಲೋ ಬಾಡಿಗೆ ಪತ್ರದಿಂದಲೋ ಶುರು ಮಾಡಿ. ನಾಲ್ಕನೇ ಪುಟವನ್ನು ಹೊಸದಾಗಿ ಬರೆಯಿರಿ.

ಇನ್ನೊಂದು. 'ಅಪ್ರಾಪ್ತರ ಕರಾರು ಅಸಿಂಧು' ಅಂತ ಅರ್ಧ ಸಾಲಿನಲ್ಲಿ ಮುಗಿಸಿದ್ದೀರಿ. ಮೊದಲ ವರ್ಷದ ಬಿ.ಕಾಂ. ತರಗತಿಯಲ್ಲಿ 18 ತುಂಬದವರೂ ಕೂತಿರುತ್ತಾರೆ, ಅಲ್ವಾ? 1903ರಲ್ಲಿ ಪ್ರಿವಿ ಕೌನ್ಸಿಲ್ (ಬ್ರಿಟಿಷರ ಕಾಲದಲ್ಲಿ ನಮ್ಮ ಕೊನೆಯ ಮೇಲ್ಮನವಿ ಕೋರ್ಟು) ತೀರ್ಮಾನಿಸಿದ ಮೊಹರಿ ಬೀಬಿ ಪ್ರಕರಣವನ್ನು ಅಲ್ಲಿ ಹೇಳಿ. ಅಪ್ರಾಪ್ತನೊಬ್ಬ ಆಸ್ತಿ ಅಡವಿಟ್ಟು ಸಾಲ ಪಡೆದಿದ್ದ, ಆ ಅಡಮಾನವೇ ಮೊದಲಿನಿಂದಲೂ ಶೂನ್ಯ ಅಂತ ತೀರ್ಪಾಯಿತು, ಸಾಲ ಕೊಟ್ಟವರ ಕೈಗೆ ದುಡ್ಡು ವಾಪಸ್ ಬರಲಿಲ್ಲ. ಸಾಲ ಕೊಟ್ಟವರ ಏಜೆಂಟನಿಗೆ ಅವನ ವಯಸ್ಸು ಮೊದಲೇ ಗೊತ್ತಿತ್ತು ಅನ್ನೋದನ್ನೂ ಬಿಡಬೇಡಿ. ತಿದ್ದಿದ ಪ್ರತಿ ನನ್ನ ಹೆಸರಿಗೇ ಕಳಿಸಿ.