‘ತೋಳಲ್ಲ, ತಲೆ’ ಲೇಖನವನ್ನು ಹಿಂದಿರುಗಿಸುತ್ತಾ

ಪ್ರಿಯ ಲೇಖಕರಿಗೆ,

ಹ್ಯೂಸ್ಟನ್‌ನಿಂದ ನೀವು ಕಳುಹಿಸಿದ ಲೇಖನವನ್ನು ಗಮನವಿಟ್ಟು ಓದಿದೆ. ಅಮೆರಿಕನ್ ಫುಟ್‌ಬಾಲ್‌ನಲ್ಲಿ ಆಕ್ರಮಣ ನಡೆಸುತ್ತಾ ಚೆಂಡು ಎಸೆಯುವ ಕ್ವಾರ್ಟರ್‌ಬ್ಯಾಕ್‌ಗೆ ದೇಹಬಲಕ್ಕಿಂತ ಬುದ್ಧಿಬಲವೇ ದೊಡ್ಡದು ಎಂಬುದು ನಿಮ್ಮ ವಾದ; ಅದಕ್ಕೆ ಸಾಕ್ಷಿಯಾಗಿ ಬುದ್ಧಿಯ ಕಡೆ ಟಾಮ್ ಬ್ರೇಡಿ ಮತ್ತು ಪೇಟನ್ ಮ್ಯಾನಿಂಗ್ ಅವರನ್ನು, ದೇಹದ ಕಡೆ ಜಮಾರ್ಕಸ್ ರಸೆಲ್ ಮತ್ತು ಮೈಕಲ್ ವಿಕ್ ಅವರನ್ನು ನಿಲ್ಲಿಸಿದ್ದೀರಿ. ಭಾಷೆ ಹದವಾಗಿದೆ, ಆಟದ ನಿಯಮಗಳನ್ನು ವಿವರಿಸುವ ಮೊದಲ ಪುಟ ಸೊಗಸಾಗಿದೆ. ಆದರೂ ಈ ರೂಪದಲ್ಲಿ ಇದನ್ನು ಪ್ರಕಟಿಸಲಾರೆ.

ಬ್ರೇಡಿಯಿಂದಲೇ ಆರಂಭಿಸೋಣ. 2000ನೇ ಇಸವಿಯ ಆಯ್ಕೆಯಲ್ಲಿ (ತಂಡಗಳು ಸರದಿಯಂತೆ ಹೊಸ ಆಟಗಾರರನ್ನು ಆರಿಸಿಕೊಳ್ಳುವ ಡ್ರಾಫ್ಟ್‌ನಲ್ಲಿ) ಅವರು 199ನೆಯವರು, 40 ಗಜ ಓಡಲು 5.28 ಸೆಕೆಂಡು ತೆಗೆದುಕೊಂಡವರು ಎಂದು ಬರೆದು, ‘ಸಾಧಾರಣ ದೇಹ, ಅಸಾಧಾರಣ ಬುದ್ಧಿ’ ಎಂದು ತೀರ್ಮಾನಿಸಿದ್ದೀರಿ. ಆರಡಿ ನಾಲ್ಕು ಅಂಗುಲ ಎತ್ತರದ, ಎಸೆತದ ತರಬೇತುದಾರರೊಬ್ಬರ ಬಳಿ ವರ್ಷಗಟ್ಟಲೆ ತೋಳು ಪಳಗಿಸಿಕೊಂಡ ಮನುಷ್ಯನ ದೇಹವನ್ನು ಸಾಧಾರಣವೆನ್ನುವುದು ಹೇಗೆ? ಅವರ ಬುದ್ಧಿ ಅಷ್ಟು ಎದ್ದು ಕಾಣುವಂತಿದ್ದರೆ ಅವರಿಗಿಂತ ಮೊದಲು 198 ಹೆಸರುಗಳನ್ನು ಕೂಗಿದ್ದೇಕೆ? ಅದನ್ನು ಮೊದಲೇ ಗುರುತಿಸುವುದು ತಂಡಗಳಿಗೆ ಆಗಲಿಲ್ಲ ಎಂಬುದಷ್ಟೇ ಈ ಉದಾಹರಣೆಯಿಂದ ಸಿದ್ಧವಾಗುತ್ತದೆ. ಕ್ವಾರ್ಟರ್‌ಬ್ಯಾಕ್ ಜಾಷ್ ಆಲೆನ್ ಹೆಸರು ನಿಮ್ಮ ಲೇಖನದಲ್ಲಿ ಎಲ್ಲೂ ಇಲ್ಲದಿರುವುದೂ ಆಕಸ್ಮಿಕವೆನಿಸಲಿಲ್ಲ. ವಯೋಮಿಂಗ್ ವಿಶ್ವವಿದ್ಯಾಲಯದಲ್ಲಿ ಅವರ ಎಸೆತಗಳಲ್ಲಿ ನೂರಕ್ಕೆ 56ರಷ್ಟು ಮಾತ್ರ ಗುರಿ ಮುಟ್ಟುತ್ತಿದ್ದವು. 2018ರಲ್ಲಿ ಬಫಲೋ ತಂಡ ಅವರನ್ನು ಏಳನೆಯವರಾಗಿ ಆರಿಸಿದಾಗ ಹೆಚ್ಚಿನವರ ಕಣ್ಣಿಗೆ ಬಿದ್ದದ್ದು ತೋಳಿನ ಬಲ. ಮೊದಲ ವರ್ಷ 52.8 ಇದ್ದ ಆ ಪ್ರಮಾಣ 2020ರಲ್ಲಿ 69.2ಕ್ಕೆ ಏರಿತು. ಬುದ್ಧಿ ಆಮೇಲೆ ಪಳಗಿತು ಎಂದು ನೀವು ಹೇಳಬಹುದು. ಹಾಗಿದ್ದರೆ ಅದು ಹುಟ್ಟಿನಿಂದ ಬರುವ ಸೊತ್ತು ಎಂಬ ನಿಮ್ಮ ಮೂರನೆಯ ಪುಟದ ಮಾತು ಬಿದ್ದುಹೋಗುತ್ತದೆ.

ಇದಕ್ಕಿಂತ ಗಂಭೀರವಾದ ಆಕ್ಷೇಪ ಇನ್ನೊಂದಿದೆ. ನಿಮ್ಮ ಎರಡು ಸಾಲುಗಳನ್ನು ಮತ್ತೊಮ್ಮೆ ನೋಡಿ: ಬುದ್ಧಿಯ ಸಾಲಿನಲ್ಲಿರುವ ಇಬ್ಬರೂ ಬಿಳಿಯರು, ದೇಹದ ಸಾಲಿನಲ್ಲಿರುವ ಇಬ್ಬರೂ ಕಪ್ಪು ವರ್ಣೀಯರು. ನೀವು ಉದ್ದೇಶಪೂರ್ವಕವಾಗಿ ಹೀಗೆ ವಿಂಗಡಿಸಿಲ್ಲವೆಂದು ನಂಬುತ್ತೇನೆ. ಆದರೆ ಈ ವಿಂಗಡಣೆ ನಿಮಗಿಂತ ಬಹಳ ಹಳೆಯದು. ‘ಈ ಸ್ಥಾನಕ್ಕೆ ಬೇಕಾದ ಯೋಚನಾಶಕ್ತಿ ಇವರಲ್ಲಿಲ್ಲ’ ಎಂಬ ನೆಪದಲ್ಲಿ ಕಪ್ಪು ವರ್ಣೀಯ ಕ್ವಾರ್ಟರ್‌ಬ್ಯಾಕ್‌ಗಳನ್ನು ದಶಕಗಳ ಕಾಲ ಬೇರೆ ಸ್ಥಾನಗಳಿಗೆ ತಳ್ಳಲಾಗುತ್ತಿತ್ತು. 1968ರಲ್ಲಿ ಡೆನ್ವರ್ ಪರವಾಗಿ ಆ ಸ್ಥಾನದಲ್ಲಿ ಆಡಿದ ಮಾರ್ಲಿನ್ ಬ್ರಿಸ್ಕೋ ಮರುವರ್ಷ ಬಫಲೋದಲ್ಲಿ ಚೆಂಡು ಹಿಡಿಯುವ ರಿಸೀವರ್ ಆಗಬೇಕಾಯಿತು. 1978ರಲ್ಲಿ ಕಾಲೇಜು ಫುಟ್‌ಬಾಲ್‌ನ ಪ್ರತಿಷ್ಠಿತ ಪಂದ್ಯವಾದ ರೋಸ್ ಬೌಲ್ ಗೆದ್ದು ಬಂದ ವಾರನ್ ಮೂನ್ ಅವರನ್ನು ಯಾವ ತಂಡವೂ ಆರಿಸಲಿಲ್ಲ. ಅವರು ಕೆನಡಾಕ್ಕೆ ಹೋಗಿ ಎಡ್ಮಂಟನ್ ತಂಡದೊಂದಿಗೆ ಅಲ್ಲಿನ ಲೀಗ್‌ನ ಪ್ರಶಸ್ತಿಯಾದ ಗ್ರೇ ಕಪ್ಪನ್ನು ಸತತ ಐದು ಬಾರಿ ಗೆದ್ದರು, 1984ರಲ್ಲಿ ನಿಮ್ಮದೇ ಊರಿನ ಆಯ್ಲರ್ಸ್ ತಂಡ ಸೇರಿದರು, 2006ರಲ್ಲಿ ಆಟದ ದಿಗ್ಗಜರ ಗೌರವಪಟ್ಟಿಯಾದ ಹಾಲ್ ಆಫ್ ಫೇಮ್ ಪ್ರವೇಶಿಸಿದರು. ಹ್ಯೂಸ್ಟನ್‌ನಲ್ಲಿ ಕುಳಿತು ಈ ವಿಷಯ ಬರೆಯುವವರು ಮೂನ್ ಅವರನ್ನು ಮರೆಯುವುದು ನನಗೆ ಸೋಜಿಗವೆನಿಸಿತು. ರಸೆಲ್ ಅವರಿಗೆ ‘ಬುದ್ಧಿ ಸಾಲದಾಯಿತು’ ಎಂಬ ವಾಕ್ಯಕ್ಕೂ ನೀವು ಆಧಾರ ಕೊಟ್ಟಿಲ್ಲ. ಸೋತವನ ತಲೆಯೊಳಗೆ ಏನಿರಲಿಲ್ಲ ಎಂದು ಊಹಿಸುವುದು ಸುಲಭ, ಆದ್ದರಿಂದಲೇ ಆ ವಾಕ್ಯ ಅಲ್ಲಿರಬಾರದು.

ಪರೀಕ್ಷೆಗಳ ಬಗ್ಗೆ ನೀವು ತೋರುವ ಗೌರವವೂ ಅತಿಯಾಯಿತು. 12 ನಿಮಿಷಗಳಲ್ಲಿ 50 ಪ್ರಶ್ನೆ ಕೇಳಿ ಬುದ್ಧಿ ಅಳೆಯುವ ವಂಡರ್‌ಲಿಕ್ ಪರೀಕ್ಷೆಯನ್ನು ಅಮೆರಿಕದ ವೃತ್ತಿಪರ ಲೀಗ್ ಎನ್‌ಎಫ್‌ಎಲ್ ತನ್ನ ಆಯ್ಕೆ ಶಿಬಿರದಿಂದ 2022ರಲ್ಲಿ ಕೈಬಿಟ್ಟಿತು. ಮರುವರ್ಷ ಎಸ್2 ಎಂಬ ಇನ್ನೊಂದು ಪರೀಕ್ಷೆಯ ಅಂಕಗಳು ಸೋರಿಕೆಯಾಗಿ, ಕ್ವಾರ್ಟರ್‌ಬ್ಯಾಕ್ ಸಿ. ಜೆ. ಸ್ಟ್ರೌಡ್ ನೂರಕ್ಕೆ 18 ಪಡೆದರೆಂದು ವರದಿಯಾಯಿತು. ಎರಡನೆಯವರಾಗಿ ಹ್ಯೂಸ್ಟನ್ ಟೆಕ್ಸನ್ಸ್ ಸೇರಿದ ಅದೇ ಸ್ಟ್ರೌಡ್ 23 ಟಚ್‌ಡೌನ್ (ಎದುರಾಳಿಯ ಕೊನೆಯ ಅಂಕಣ ತಲುಪಿ ಅಂಕ ತರುವ) ಎಸೆತಗಳಿಗೆ ಕೇವಲ ಐದು ಇಂಟರ್‌ಸೆಪ್ಷನ್ (ಎದುರಾಳಿಯ ಕೈ ಸೇರಿದ ಎಸೆತ) ಕೊಟ್ಟು, ಆ ವರ್ಷದ ಅತ್ಯುತ್ತಮ ಹೊಸ ಆಕ್ರಮಣ ಆಟಗಾರರೆನಿಸಿಕೊಂಡರು.

ಕ್ವಾರ್ಟರ್‌ಬ್ಯಾಕ್‌ನ ಬುದ್ಧಿಯನ್ನು ಓದುಗರಿಗೆ ತೋರಿಸಬೇಕೆಂದರೆ ಪಂದ್ಯದೊಳಗಿನ ಒಂದೇ ಒಂದು ಆಟವನ್ನು (ಪ್ಲೇ) ನಿಧಾನವಾಗಿ ಬಿಡಿಸಿಡಿ. ಆ ಆಟ ಶುರುಮಾಡಲು ಕೊಟ್ಟ ಸಮಯದ ಗಡಿಯಾರದಲ್ಲಿ 15 ಸೆಕೆಂಡು ಉಳಿದಾಗ ಹೆಲ್ಮೆಟ್‌ನೊಳಗಿನ ರೇಡಿಯೊ ಮೌನವಾಗುತ್ತದೆ, ಅಲ್ಲಿಂದ ಮುಂದೆ ತರಬೇತುದಾರನ ನೆರವಿಲ್ಲ. ಎದುರಾಳಿಯ ಹಿಂಬದಿಯಲ್ಲಿ ಇಬ್ಬರು ಸೇಫ್ಟಿಗಳು (ಕೊನೆಯ ಸಾಲಿನ ರಕ್ಷಕರು) ನಿಂತಿರುತ್ತಾರೆ; ಚೆಂಡು ಅಲುಗಿದೊಡನೆ ಒಬ್ಬ ಮುಂದಕ್ಕಿಳಿದು ಇನ್ನೊಬ್ಬ ನಡುವಿಗೆ ಸರಿದರೆ, ಅಷ್ಟು ಹೊತ್ತು ಲೆಕ್ಕ ಹಾಕಿದ್ದೆಲ್ಲ ಎರಡೂವರೆ ಸೆಕೆಂಡಿನೊಳಗೆ ಬದಲಾಗಬೇಕು. ಆ ಬದಲಾವಣೆ ಮೊದಲು ಕಾಣುವುದು ಪಾದಗಳಲ್ಲಿ. ಬಲವಾದ ತೋಳಿದ್ದವನು ಅರೆಕ್ಷಣ ತಡವಾಗಿ ನಿರ್ಧರಿಸಿದರೂ ಚೆಂಡು ತಲುಪುತ್ತದೆ, ತೋಳು ಸಾಲದವನು ಹಿಡಿಯುವವನು ತಿರುಗುವ ಮುಂಚೆಯೇ ಎಸೆದಿರಬೇಕು. ಹೀಗೆ ತೋಳು ತಲೆಗೆ ಸಮಯ ಒದಗಿಸುತ್ತದೆ, ತಲೆ ತೋಳಿನ ಕೊರತೆಯನ್ನು ತುಂಬುತ್ತದೆ. ಇವೆರಡನ್ನೂ ತಕ್ಕಡಿಯ ಎರಡು ತಟ್ಟೆಗಳಲ್ಲಿಟ್ಟು ತೂಗಲು ಹೊರಟಿದ್ದೇ ನಿಮ್ಮ ಲೇಖನದ ಮೂಲ ತೊಡಕು.

ಆಯ್ಕೆ ನಿಮ್ಮದು, ಆದರೆ ನನ್ನನ್ನು ಕೇಳಿದರೆ 2023ರ ನವೆಂಬರ್ 5ರಂದು ಟ್ಯಾಂಪಾ ಬೇ ವಿರುದ್ಧ ಸ್ಟ್ರೌಡ್ ಆಡಿದ ಕೊನೆಯ ಸರದಿಯನ್ನು ಎತ್ತಿಕೊಳ್ಳಿ: ಉಳಿದದ್ದು 46 ಸೆಕೆಂಡು, ಸಾಗಬೇಕಾದದ್ದು 75 ಗಜ, ಟಚ್‌ಡೌನ್ ಬಂದಾಗ ಉಳಿದಿದ್ದದ್ದು ಆರು ಸೆಕೆಂಡು. (ಆ ದಿನ ಚೆಂಡು ಒದೆಯುವ ಕಿಕ್ಕರ್ ಗಾಯಗೊಂಡು, ಚೆಂಡು ಹಿಡಿದು ಓಡುವ ರನ್ನಿಂಗ್ ಬ್ಯಾಕ್ ಒಬ್ಬ ಕಂಬಗಳ ನಡುವೆ ಚೆಂಡು ಹಾಯಿಸುವ ಫೀಲ್ಡ್ ಗೋಲ್ ಒದ್ದ ಪ್ರಸಂಗವೂ ಇದೆ, ಅದನ್ನು ಬಿಡಬೇಡಿ.) ಪ್ರತಿ ಎಸೆತಕ್ಕೂ ಮೊದಲು ರಕ್ಷಕರು ಎಲ್ಲಿ ನಿಂತಿದ್ದರು, ನಂತರ ಎಲ್ಲಿಗೆ ಸರಿದರು ಎಂಬುದನ್ನು ವಿಡಿಯೊ ನಿಲ್ಲಿಸಿ ನಿಲ್ಲಿಸಿ ಬರೆದುಕೊಳ್ಳಿ. ಮೊದಲ ಪುಟವನ್ನು ಹಾಗೆಯೇ ಉಳಿಸಿ, ಉಳಿದದ್ದನ್ನು ಹೊಸದಾಗಿ ಬರೆದು ಕಳುಹಿಸಿದರೆ ಖಂಡಿತ ಓದುತ್ತೇನೆ.

ಇತಿ,
ಸಂಪಾದಕ