ಅನುಮಾನ ಮೊದಲು ಯಾರಿಗೆ ಬರಬೇಕು?

ಓದುಗರ ಪತ್ರ: "ನಮಸ್ಕಾರ. ನಾನು ಬಿ.ಎ. ಮೊದಲ ವರ್ಷದಲ್ಲಿದ್ದೇನೆ. ನನ್ನ ವಯಸ್ಸಿನವರು ಓದಲಿ ಅಂತ ಒಂದು ಕೊಲೆ ರಹಸ್ಯದ ಕಾದಂಬರಿ ಶುರು ಮಾಡಿದ್ದೇನೆ. ರಮ್ಯಾ, ಸೌಮ್ಯಾ ಅಂತ 17 ವರ್ಷದ ಅವಳಿ ಅಕ್ಕ ತಂಗಿ. ಊರ ಕೆರೆಯಲ್ಲಿ ಒಬ್ಬಳ ಹೆಣ ಸಿಗುತ್ತದೆ. ಸತ್ತವಳು ರಮ್ಯಾ ಅಂತ ಎಲ್ಲರೂ ನಂಬುತ್ತಾರೆ. ಉಳಿದವಳೇ ರಮ್ಯಾ ಅಂತ ಕೊನೇ ಅಧ್ಯಾಯದಲ್ಲಿ ಗೊತ್ತಾಗುತ್ತದೆ. ಗೆಳತಿಗೆ ಓದಲು ಕೊಟ್ಟೆ. 'ಇದು ಹಳೇ ಸಿನಿಮಾ ಟ್ರಿಕ್ಕು ಕಣೇ, ಈಗ ಡಿಎನ್‌ಎ ಟೆಸ್ಟ್ ಮಾಡಿದ್ರೆ ಒಂದೇ ದಿನದಲ್ಲಿ ಗೊತ್ತಾಗಿಬಿಡತ್ತೆ' ಅಂದಳು. ಆರು ಅಧ್ಯಾಯ ಕಳಿಸಿದ್ದೇನೆ. ಮುಂದುವರಿಸಲಾ, ಬಿಟ್ಟುಬಿಡಲಾ? ಹೆಸರು ಹಾಕಬೇಡಿ."

ಸಂಪಾದಕರ ಉತ್ತರ:

ಹೆಸರು ಹಾಕಿಲ್ಲ. ಕಾದಂಬರಿಯನ್ನೂ ಬಿಡಬೇಡಿ.

ಮೊದಲು ನಿಮ್ಮ ಗೆಳತಿಯ ಮಾತು ನೋಡೋಣ. ಆಕೆ ಹೇಳಿದ್ದರಲ್ಲಿ ಅರ್ಧ ನಿಜ. ಟ್ರಿಕ್ಕು ಹಳೆಯದು, ಹೌದು. ಎಷ್ಟು ಹಳೆಯದು ಅಂದರೆ, 1929ರಲ್ಲೇ ರೊನಾಲ್ಡ್ ನಾಕ್ಸ್ ಎಂಬ ಇಂಗ್ಲೆಂಡಿನ ಪಾದ್ರಿ ಪತ್ತೇದಾರಿ ಕತೆಗಳಿಗೆ ಹತ್ತು ಕಟ್ಟಳೆ ಬರೆದಾಗ ಹತ್ತನೆಯದನ್ನು ಅವಳಿಗಳಿಗೇ ಮೀಸಲಿಟ್ಟ. ಓದುಗರಿಗೆ ಮೊದಲೇ ಸೂಚನೆ ಕೊಡದೆ ಅವಳಿಯನ್ನೋ ಒಂದೇ ಥರ ಇರುವವರನ್ನೋ ಕತೆಗೆ ತರಬಾರದು ಅಂತ. ಆತ ತಾನೂ ಪತ್ತೇದಾರಿ ಕಾದಂಬರಿ ಬರೆದವನೇ. ಕೊನೇ ಪುಟದಲ್ಲಿ ಬಾಗಿಲು ತೆಗೆದು ಒಳಬರುವ ಅವಳಿ ತಮ್ಮಂದಿರನ್ನು ನೋಡಿ ಸಾಕಾಗಿ ಹೋಗಿದ್ದಿರಬೇಕು, ಪಾಪ.

ನೀವು ಆ ಮೋಸ ಮಾಡಿಲ್ಲ. ಅವರು ಅವಳಿ ಅಂತ ಮೊದಲ ಸಾಲಿನಲ್ಲೇ ಹೇಳಿದ್ದೀರಿ. ಅಷ್ಟಾದ ಮೇಲೆ ಟ್ರಿಕ್ಕು ಹಳೆಯದು ಅನ್ನುವುದು ದೊಡ್ಡ ವಿಷಯವೇ ಅಲ್ಲ.

ಇನ್ನು ಡಿಎನ್‌ಎ. ಇಲ್ಲಿ ನಿಮ್ಮ ಗೆಳತಿ ಪೂರ್ತಿ ತಪ್ಪು. ತದ್ರೂಪಿ ಅವಳಿಗಳು ಒಂದೇ ಅಂಡದಿಂದ ಒಡೆದು ಬಂದವರು. ಪೊಲೀಸರು ಮಾಮೂಲಿಯಾಗಿ ಮಾಡಿಸುವ ಡಿಎನ್‌ಎ ಪರೀಕ್ಷೆ ಡಿಎನ್‌ಎಯ ಕೆಲವು ಗೊತ್ತಾದ ಜಾಗಗಳನ್ನಷ್ಟೇ ನೋಡುತ್ತದೆ. ಅಲ್ಲಿ ರಮ್ಯಾ, ಸೌಮ್ಯಾ ಇಬ್ಬರದ್ದೂ ಒಂದೇ ಬರುತ್ತದೆ. 2009ರ ಜನವರಿಯಲ್ಲಿ ಬರ್ಲಿನ್ ನಗರದ ಕಾಡೇವೇ ಎಂಬ ದೊಡ್ಡ ಮಳಿಗೆಗೆ ಮುಸುಕುಧಾರಿ ಕಳ್ಳರು ನುಗ್ಗಿ ಸುಮಾರು 50 ಲಕ್ಷ ಯೂರೋ ಬೆಲೆಯ ಒಡವೆ ದೋಚಿದರು. ಹೋಗುವಾಗ ಒಂದು ಕೈಗವಸು ಬಿಟ್ಟುಹೋದರು. ಅದರೊಳಗಿನ ಬೆವರಿನ ಡಿಎನ್‌ಎ ಸಿಕ್ಕಿತು, ಹೊಂದಿಕೆಯೂ ಆಯಿತು. ಆದರೆ ಹೊಂದಿಕೆಯಾಗಿದ್ದು ಇಬ್ಬರಿಗೆ! ಅವಳಿ ಅಣ್ಣ ತಮ್ಮ. ಇಬ್ಬರಲ್ಲಿ ಯಾರು ಅಂತ ಸಾಬೀತು ಮಾಡಲಾಗದೆ ಮಾರ್ಚ್‌ನಲ್ಲಿ ಇಬ್ಬರನ್ನೂ ಬಿಟ್ಟರು.

ಈಗ ವಿಜ್ಞಾನ ಸ್ವಲ್ಪ ಮುಂದೆ ಹೋಗಿದೆ, ಅದನ್ನೂ ಹೇಳಿಬಿಡುತ್ತೇನೆ. ಐಸ್‌ಲ್ಯಾಂಡಿನ ಡಿಕೋಡ್ ಸಂಸ್ಥೆಯವರು 381 ಜೋಡಿ ತದ್ರೂಪಿ ಅವಳಿಗಳ ಡಿಎನ್‌ಎಯನ್ನು ಪೂರ್ತಿ ಓದಿ 2021ರಲ್ಲಿ ಫಲಿತಾಂಶ ಪ್ರಕಟಿಸಿದರು. ಗರ್ಭದ ಮೊದಮೊದಲ ದಿನಗಳಲ್ಲಿ ಆದ ಬದಲಾವಣೆಗಳಲ್ಲಿ ಒಂದು ಜೋಡಿಯ ನಡುವೆ ಸರಾಸರಿ 5.2 ವ್ಯತ್ಯಾಸ. ಸುಮಾರು 300 ಕೋಟಿ ಅಕ್ಷರಗಳ ಪುಸ್ತಕದಲ್ಲಿ ಐದು ಅಚ್ಚಿನ ತಪ್ಪು ಇದ್ದ ಹಾಗೆ. ಹುಡುಕಬಹುದು. ಆದರೆ ನಿಮ್ಮ ಕತೆಯ ಸಬ್‌ಇನ್‌ಸ್ಪೆಕ್ಟರ್ ಅಂಥ ಪರೀಕ್ಷೆ ಮಾಡಿಸೋಣ ಅಂತ ಮೇಲಧಿಕಾರಿಗೆ ಬರೆದರೆ ಏನು ಉತ್ತರ ಬರುತ್ತದೆ, ನೀವೇ ಊಹಿಸಿ.

ನಿಮ್ಮ ಕತೆಗೆ ನಿಜವಾದ ಅಪಾಯ ಇರುವುದು ಡಿಎನ್‌ಎಯಿಂದ ಅಲ್ಲ, ಬೆರಳಿನಿಂದ. ತದ್ರೂಪಿ ಅವಳಿಗಳ ಬೆರಳಚ್ಚು ಬೇರೆ ಬೇರೆ. ಬೆರಳ ಮೇಲಿನ ಗೆರೆಗಳು ಮೂಡುವುದು ಗರ್ಭದ ಮೂರು, ನಾಲ್ಕನೇ ತಿಂಗಳಲ್ಲಿ. ಆಗ ಮಗು ಹೇಗೆ ಮಲಗಿತ್ತು, ಬೆರಳಿಗೆ ಎಷ್ಟು ಒತ್ತಡ ಬಿತ್ತು, ಯಾವ ಬೆರಳು ಎಷ್ಟು ಬೇಗ ಬೆಳೆಯಿತು, ಇವೆಲ್ಲ ಸೇರಿ ಗೆರೆ ತಿರುಗುತ್ತದೆ. ಸುಳಿಗಳು ಮೇಲುನೋಟಕ್ಕೆ ಒಂದೇ ಥರ ಕಾಣಬಹುದು. ಗೆರೆ ಎಲ್ಲಿ ಕವಲೊಡೆಯುತ್ತದೆ, ಎಲ್ಲಿ ನಿಲ್ಲುತ್ತದೆ ಅಂತ ಹತ್ತಿರದಿಂದ ನೋಡಿದರೆ ಇಬ್ಬರೂ ಬೇರೆ.

ಬೆರಳಚ್ಚಿನ ವಿಷಯದಲ್ಲಿ ನಮ್ಮ ದೇಶಕ್ಕೆ ದೊಡ್ಡ ಹೆಸರಿದೆ. 1897ರಲ್ಲೇ ಕಲ್ಕತ್ತದಲ್ಲಿ ಬೆರಳಚ್ಚು ಕಚೇರಿ ಶುರುವಾಯಿತು. ಬೆರಳಚ್ಚುಗಳನ್ನು ವಿಂಗಡಿಸುವ ಪದ್ಧತಿಗೆ ಅಲ್ಲಿನ ಬ್ರಿಟಿಷ್ ಪೊಲೀಸ್ ಅಧಿಕಾರಿ ಎಡ್ವರ್ಡ್ ಹೆನ್ರಿಯ ಹೆಸರು ಬಂತು. ಲೆಕ್ಕ ಹಾಕಿ ಅದನ್ನು ಕಟ್ಟಿದ, ಅವನ ಕೈಕೆಳಗಿನ ಅಜೀಜುಲ್ ಹಕ್, ಹೇಮಚಂದ್ರ ಬೋಸ್ ಅವರನ್ನು ನೆನೆಯುವವರು ಕಮ್ಮಿ. ಆ ಹೊತ್ತಿನದೇ ಒಂದು ಪ್ರಕರಣವಿದೆ. ಜಲ್ಪೈಗುರಿಯ ಚಹಾ ತೋಟದ ಮ್ಯಾನೇಜರ್ ಒಬ್ಬನ ಕೊಲೆಯಾಗಿತ್ತು. ಅಲ್ಲೇ ಬಿದ್ದಿದ್ದ ಬಂಗಾಳಿ ಪಂಚಾಂಗದ ಮೇಲೆ ಕಂದು ಬಣ್ಣದ ಕಲೆ. ರಕ್ತದ ಹೆಬ್ಬೆಟ್ಟು! ಹಿಂದೆ ಕಳ್ಳತನ ಮಾಡಿ ಜೈಲಿಗೆ ಹೋಗಿದ್ದ ಹಳೇ ಆಳಿನದು. ಅವನ ಹೆಬ್ಬೆಟ್ಟು ಆಗಲೇ ದಾಖಲೆಯಲ್ಲಿತ್ತು. ಕೋರ್ಟು ಕಳ್ಳತನಕ್ಕೆ ಶಿಕ್ಷೆ ಕೊಟ್ಟಿತು, ಕೊಲೆಗೆ ಕೊಡಲಿಲ್ಲ. ಹೆಬ್ಬೆಟ್ಟು ಅವನು ಅಲ್ಲಿಗೆ ಬಂದಿದ್ದ ಅಂತ ಹೇಳಿತೇ ಹೊರತು ಕೊಂದ ಅಂತ ಹೇಳಲಿಲ್ಲ. ಈ ವ್ಯತ್ಯಾಸವನ್ನು ನಿಮ್ಮ ಏಳನೇ ಅಧ್ಯಾಯಕ್ಕೆ ಇಟ್ಟುಕೊಳ್ಳಿ, ಬೇಕಾಗುತ್ತದೆ.

ಹಾಗಾದರೆ ಕತೆ ಮುಗಿಯಿತಾ? ಹೆಣದ ಬೆರಳು ಒತ್ತಿದರೆ ಆಯಿತಲ್ಲ ಅಂತ ನೀವು ಕೇಳಬಹುದು. ಇಲ್ಲ, ಕತೆ ಶುರುವಾಗುವುದೇ ಇಲ್ಲಿಂದ.

ಬೆರಳಚ್ಚು ಹೋಲಿಸಿ ನೋಡುವುದು ಯಾರಿಗಾದರೂ ಅನುಮಾನ ಬಂದಾಗ. ಕೆರೆ ದಂಡೆಯಲ್ಲಿ ಹೆಣ ಮಲಗಿಸಿದ್ದಾರೆ. ಪೊಲೀಸರು ಪಂಚನಾಮೆ ಬರೆಯುತ್ತಿದ್ದಾರೆ. ಅಪ್ಪ ಬಂದು, ಮುಖ ನೋಡಿ, "ನಮ್ಮ ರಮ್ಯಾ" ಅಂದ. ಪಕ್ಕದಲ್ಲಿ ನಿಂತ ಮಗಳು "ಹೌದು, ನಮ್ಮಕ್ಕ" ಅಂದಳು. ಪಂಚರು ಸಹಿ ಹಾಕಿದರು. ಅಲ್ಲಿಗೆ ಸತ್ತವಳು ಕಾಗದದ ಮೇಲೆ ರಮ್ಯಾ. ಎದುರಿಗೆ ಜೀವಂತ ನಿಂತಿರುವವಳ ಬೆರಳು ಹಿಡಿದು "ನೀನು ಯಾರು" ಅಂತ ಕೇಳಲು ಯಾರಿಗೂ ಕಾರಣವಿಲ್ಲ. ಆಧಾರ್‌ನಲ್ಲಿ ಇಬ್ಬರ ಬೆರಳಚ್ಚೂ ಇದೆ ನಿಜ. ಆದರೆ 2016ರ ಆಧಾರ್ ಕಾಯ್ದೆಯ 29ನೇ ಸೆಕ್ಷನ್ ಪ್ರಕಾರ ಆ ಬೆರಳಚ್ಚನ್ನು ಯಾರಿಗೂ, ಯಾವ ಕಾರಣಕ್ಕೂ ಕೊಡುವಂತಿಲ್ಲ. ಪೊಲೀಸರಿಗೂ ಇಲ್ಲ. ಮನೆಯಲ್ಲಿ ಅವಳು ಮುಟ್ಟಿದ ಲೋಟ, ಪುಸ್ತಕ ಹುಡುಕಬೇಕು. ಅದನ್ನು ಹುಡುಕಲೂ ಮೊದಲು ಅನುಮಾನ ಬರಬೇಕು.

ಹಾಗಾಗಿ ನಿಮ್ಮ ಕಾದಂಬರಿಯಲ್ಲಿ ಕೊಂದವರು ಯಾರು ಅನ್ನುವುದರಷ್ಟೇ ದೊಡ್ಡ ಪ್ರಶ್ನೆ ಇನ್ನೊಂದಿದೆ: ಉಳಿದವಳು ಸೌಮ್ಯಾ ಅಲ್ಲ ಅಂತ ಮೊದಲು ಯಾರಿಗೆ ಅನ್ನಿಸಬೇಕು? ನೀವು ಅದನ್ನು ಇನ್‌ಸ್ಪೆಕ್ಟರಿಗೆ ಕೊಟ್ಟಿದ್ದೀರಿ. ಕೆನ್ನೆ ಮೇಲಿನ ಮಚ್ಚೆ ನೋಡಿ ಅವರಿಗೆ ಹೊಳೆಯುತ್ತದೆ. ನನಗೆ ಬೇಜಾರಾಗಿದ್ದು ಇಲ್ಲೇ. ಆ ಮಚ್ಚೆಯನ್ನು ನಮ್ಮ ಡಬಲ್ ರೋಲ್ ಸಿನಿಮಾಗಳಿಗೆ ವಾಪಸ್ ಕೊಟ್ಟುಬಿಡಿ.

ಒಂದು ಹಳೇ ಸಂಗತಿ ಹೇಳುತ್ತೇನೆ. ನಾವು ಚಿಕ್ಕವರಿದ್ದಾಗ ಇದ್ದ ವಠಾರದಲ್ಲಿ ಅವಳಿ ಹುಡುಗಿಯರಿದ್ದರು. ಒಂದೇ ಲಂಗ, ಒಂದೇ ಜಡೆ, ಒಂದೇ ಟೇಪು. ಮೇಷ್ಟರಿಗೆ ಗೊತ್ತಾಗುತ್ತಿರಲಿಲ್ಲ. ಅವರಪ್ಪನೇ ಒಬ್ಬಳನ್ನು ಕರೆಯಲು ಹೋಗಿ ಎರಡೂ ಹೆಸರು ಕೂಗುತ್ತಿದ್ದರು. ನಮ್ಮಜ್ಜಿಗೆ ಮಾತ್ರ ಎಂದೂ ತಪ್ಪುತ್ತಿರಲಿಲ್ಲ. ಕಣ್ಣಿಗೆ ಪೊರೆ ಬಂದಿದ್ದ ಅಜ್ಜಿ! ಬೇಸಿಗೆಯಲ್ಲಿ ಮಾಳಿಗೆ ಮೇಲೆ ಹಳೇ ಪಂಚೆ ಹಾಸಿ ಸಂಡಿಗೆ ಇಡುವಾಗ ಅವರಿಬ್ಬರೂ ಬಿಸಿ ಹಿಟ್ಟಿಗೆ ಕೈ ಚಾಚಿ ನಿಲ್ಲುತ್ತಿದ್ದರು. ಅಜ್ಜಿ ಇಬ್ಬರ ಅಂಗೈಗೂ ಒಂದೊಂದು ಮುದ್ದೆ ಹಾಕುತ್ತಿದ್ದಳು. ಒಬ್ಬಳು ಊದಿ ಊದಿ ಅಂಚಿನಿಂದ ನೆಕ್ಕುತ್ತಿದ್ದಳು. ಇನ್ನೊಬ್ಬಳು ಸುಡುತ್ತಿದ್ದರೂ ಗಬಕ್ಕನೆ ನುಂಗಿ, ಕಣ್ಣಲ್ಲಿ ನೀರು ತುಂಬಿಕೊಂಡು, ಇನ್ನೊಂದು ಚೂರಿಗೆ ಕೈ ಚಾಚುತ್ತಿದ್ದಳು. ಅಜ್ಜಿ ಊದುವ ಸದ್ದು ಕೇಳಿ ಹೆಸರು ಹೇಳುತ್ತಿದ್ದಳು. ಮುಖ ನೋಡುತ್ತಲೇ ಇರಲಿಲ್ಲ.

ನಿಮ್ಮ ಎರಡನೇ ಅಧ್ಯಾಯದಲ್ಲೂ ಒಬ್ಬ ಅಜ್ಜಿ ಇದ್ದಾಳೆ. ಮೂಲೆಯಲ್ಲಿ ಕೂತು ಎಲೆ ಅಡಿಕೆ ಕುಟ್ಟುತ್ತಾಳೆ, ಆಮೇಲೆ ಪತ್ತೆಯೇ ಇಲ್ಲ. ಅವಳನ್ನು ವಾಪಸ್ ಕರೆತನ್ನಿ.

ಇನ್ನೊಂದು ಜಾಗದಲ್ಲಿ ನೀವು ಕೈಗೆ ಬಂದದ್ದನ್ನು ಬಿಟ್ಟಿದ್ದೀರಿ. ರಮ್ಯಾ ಸೈನ್ಸ್, ಸೌಮ್ಯಾ ಕಾಮರ್ಸ್ ಅಂತ ಮೂರನೇ ಪುಟದಲ್ಲಿದೆ. ಕೊಲೆಗಾರ ಹುಡುಕಿಕೊಂಡು ಬಂದಿದ್ದು ತನ್ನನ್ನೇ ಅಂತ ಗೊತ್ತಾಗಿ ರಮ್ಯಾ ತಂಗಿಯ ಹೆಸರಿನೊಳಗೆ ಅಡಗಿಕೊಳ್ಳುತ್ತಾಳೆ. ಒಳ್ಳೆ ಕಾರಣ, ನಂಬಬಹುದು. ಆದರೆ ಆಮೇಲೆ ಅವಳು ಕಾಲೇಜಿಗೆ ಹೋಗಲೇಬೇಕಲ್ವಾ? ಸೆಕೆಂಡ್ ಪಿಯುಸಿ ಪ್ರಿಪರೇಟರಿಯಲ್ಲಿ ಅಕೌಂಟೆನ್ಸಿ ಪೇಪರ್ ಬರೆಯುವುದು ಹೇಗೆ? ಡೆಬಿಟ್ ಎಡಕ್ಕೋ ಬಲಕ್ಕೋ ಗೊತ್ತಿಲ್ಲದ ಹುಡುಗಿ! ಲೆಕ್ಚರರ್ "ಪಾಪ, ಅಕ್ಕ ಹೋದ ದುಃಖ" ಅಂತ ಸುಮ್ನೆ ಇದ್ದುಬಿಡಬಹುದು. ಸೌಮ್ಯಾಳ ಪಕ್ಕ ಕೂರುವ ಗೆಳತಿ ಸುಮ್ನಿರುತ್ತಾಳಾ? ಈ ಒಂದು ಪರೀಕ್ಷೆ ಹಾಲ್‌ನಲ್ಲಿ ಒಂದು ಇಡೀ ಅಧ್ಯಾಯ ಇದೆ. ನೀವು "ಪರೀಕ್ಷೆಗಳು ಮುಗಿದವು" ಅಂತ ಎರಡು ಪದದಲ್ಲಿ ದಾಟಿದ್ದೀರಿ.

ಮೊಬೈಲನ್ನೂ ಮರೆತಿದ್ದೀರಿ. ಮುಖ ತೋರಿಸಿದರೆ ತೆರೆಯುವ ಫೋನ್ ಅವಳಿಗಳ ಮುಂದೆ ಮೋಸಹೋಗುವ ಸಾಧ್ಯತೆ ಜಾಸ್ತಿ ಅಂತ ಆ್ಯಪಲ್ ಕಂಪನಿಯೇ ಹೇಳುತ್ತದೆ. ಬೆರಳಿಟ್ಟು ತೆರೆಯುವ ಫೋನ್ ಹಾಗಲ್ಲ. ಅಂದರೆ ತಂಗಿಯ ಫೋನು ರಮ್ಯಾಳ ಮುಖ ಒಪ್ಪಿಕೊಳ್ಳಬಹುದು, ಬೆರಳನ್ನು ಒಪ್ಪುವುದಿಲ್ಲ. ಮನೆ ತುಂಬ ಜನ ಕೂತಿರುವಾಗ ಅವಳು ತನ್ನದೇ ಅನ್ನುವ ಫೋನಿಗೆ ಮತ್ತೆ ಮತ್ತೆ ಬೆರಳು ಒತ್ತುತ್ತಿದ್ದಾಳೆ, ಅದು ನಡುಗಿ ನಡುಗಿ ಬೇಡ ಅನ್ನುತ್ತಿದೆ. ಅಜ್ಜಿಗೆ ಆ ಸದ್ದು ಕೇಳಿಸಲಿ.

ಕಾನೂನಿನ ಕೆಲವು ತಪ್ಪುಗಳಿವೆ, ಬೇಗ ಹೇಳಿಬಿಡುತ್ತೇನೆ. 302ನೇ ಸೆಕ್ಷನ್ ಅಂತ ಬರೆದಿದ್ದೀರಿ. 2024ರ ಜುಲೈ 1ರಿಂದ ಭಾರತೀಯ ನ್ಯಾಯ ಸಂಹಿತೆ ಬಂದಿದೆ, ಕೊಲೆಗೆ ಈಗ 103. ನಿಮ್ಮ ನಾಯಕಿಗೆ 17 ವರ್ಷ, ಅವಳ ಮೇಲೆ ಅನುಮಾನ ಬಂದರೂ ಲಾಕಪ್ಪಿಗೆ ಹಾಕುವಂತಿಲ್ಲ. 24 ಗಂಟೆಯೊಳಗೆ ಬಾಲನ್ಯಾಯ ಮಂಡಳಿಯ ಮುಂದೆ ತರಬೇಕು. ಹಾಗಾಗಿ ಐದನೇ ಅಧ್ಯಾಯದ ಕಂಬಿ ಎಣಿಸುವ ದೃಶ್ಯ ತೆಗೆಯಿರಿ. ಚೆನ್ನಾಗಿದೆ, ಆದರೂ ತೆಗೆಯಿರಿ. ಪತ್ರಿಕೆಯಲ್ಲಿ ಅವಳ ಫೋಟೋ, ಹೆಸರು ಬರುವುದೂ ಆಗದ ಮಾತು. 2015ರ ಬಾಲನ್ಯಾಯ ಕಾಯ್ದೆಯ 74ನೇ ಸೆಕ್ಷನ್ ಅದನ್ನು ತಡೆಯುತ್ತದೆ, ಮೀರಿದರೆ ಆರು ತಿಂಗಳವರೆಗೆ ಜೈಲು ಅಥವಾ ಎರಡು ಲಕ್ಷದವರೆಗೆ ದಂಡ, ಎರಡೂ ಆಗಬಹುದು. ನಮ್ಮಂಥ ಸಂಪಾದಕರ ಕುತ್ತಿಗೆಗೆ ಬರುವ ಸೆಕ್ಷನ್ ಅದು, ಅದಕ್ಕೇ ಬಾಯಿಪಾಠ. ಇದರಿಂದ ನಿಮಗೆ ಲಾಭವೇ ಇದೆ. ಪತ್ರಿಕೆಗಳು "ಒಬ್ಬ ಬಾಲಕಿ" ಅಂತ ಬರೆಯುತ್ತವೆ. ಯಾವ ಬಾಲಕಿ ಅಂತ ಬರೆಯುವಂತಿಲ್ಲ. ನಿಮ್ಮ ಕತೆಗೆ ಇದಕ್ಕಿಂತ ಬೇಕಾ?

ಕೊನೆಗೆ ಒಂದು ಕಷ್ಟದ ಮಾತು. ಸತ್ಯ ಹೊರಬಿದ್ದ ಮೇಲೆ ರಮ್ಯಾ ಕಣ್ಣೊರೆಸಿಕೊಂಡು ಮತ್ತೆ ರಮ್ಯಾ ಆಗಿಬಿಡುತ್ತಾಳೆ ಅಂತ ಸಾರಾಂಶದಲ್ಲಿ ಬರೆದಿದ್ದೀರಿ. ಅಷ್ಟು ಸಲೀಸಾ?

ವೇಲ್ಸ್‌ನ ಜೂನ್ ಮತ್ತು ಜೆನಿಫರ್ ಗಿಬ್ಬನ್ಸ್ ಎಂಬ ಅವಳಿಗಳ ವಿಷಯ ಓದಿ. 1963ರಲ್ಲಿ ಏಡನ್‌ನಲ್ಲಿ ಹುಟ್ಟಿ, ಹ್ಯಾವರ್‌ಫರ್ಡ್‌ವೆಸ್ಟ್ ಎಂಬ ಊರಲ್ಲಿ ಬೆಳೆದವರು. ಹೊರಗಿನವರ ಹತ್ತಿರ ಮಾತೇ ಇಲ್ಲ, ತಮ್ಮತಮ್ಮಲ್ಲೇ ಮಾತು. ಕೋಣೆಯಲ್ಲಿ ಕೂತು ಇಬ್ಬರೂ ಡೈರಿ ಬರೆದರು, ಕಾದಂಬರಿ ಬರೆದರು. ಒಬ್ಬರನ್ನೊಬ್ಬರು ಬಿಟ್ಟಿರಲಾಗದು, ಸಹಿಸಲೂ ಆಗದು. ಆಮೇಲೆ ಕಳ್ಳತನ, ಬೆಂಕಿ ಹಚ್ಚುವುದು. 19ನೇ ವಯಸ್ಸಿಗೆ ಬ್ರಾಡ್‌ಮೂರ್ ಎಂಬ ಬಿಗಿ ಕಾವಲಿನ ಮಾನಸಿಕ ಆಸ್ಪತ್ರೆಗೆ ಹೋಗಿ ಅಲ್ಲಿ 11 ವರ್ಷ ಇದ್ದರು. ಒಬ್ಬಳು ಸತ್ತರೆ ಮಾತ್ರ ಇನ್ನೊಬ್ಬಳು ಎಲ್ಲರಂತೆ ಬದುಕಬಹುದು ಅಂತ ಇಬ್ಬರೂ ನಂಬಿದ್ದರು. ಅವರನ್ನು ಹತ್ತಿರದಿಂದ ಬಲ್ಲ ಪತ್ರಕರ್ತೆ ಮಾರ್ಜರಿ ವ್ಯಾಲೇಸ್ ಇದನ್ನು ದಾಖಲಿಸಿದ್ದಾರೆ. 1993ರ ಮಾರ್ಚ್‌ನಲ್ಲಿ ಬ್ರಾಡ್‌ಮೂರ್‌ನಿಂದ ಬೇರೆ ಕಡೆಗೆ ಸ್ಥಳಾಂತರಿಸಿದ ದಿನವೇ ಜೆನಿಫರ್ ತೀರಿಕೊಂಡಳು. ಹೃದಯದ ಸ್ನಾಯುವಿನ ಉರಿಯೂತ ಅಂತ ಶವಪರೀಕ್ಷೆ ಹೇಳಿತು. ಯಾರ ಕೈವಾಡವೂ ಇರಲಿಲ್ಲ. ಆಮೇಲೆ ಜೂನ್ ಮಾತಾಡತೊಡಗಿದಳು.

ನಿಮ್ಮ ಹುಡುಗಿಯರು ಅಂಥವರಲ್ಲ, ಗೊತ್ತು. ಆದರೂ ರಮ್ಯಾ ತಿಂಗಳುಗಟ್ಟಲೆ ತಂಗಿಯ ಚಪ್ಪಲಿ ಹಾಕಿದ್ದಾಳೆ. ತಂಗಿಯ ಹಾಸಿಗೆಯಲ್ಲಿ ಮಲಗಿದ್ದಾಳೆ. ಅಮ್ಮ "ಸೌಮ್ಯಾ" ಅಂದಾಗ ಓಗೊಟ್ಟಿದ್ದಾಳೆ. ಅವಳು ನಿಜ ಹೇಳಿದ ದಿನ ಅಮ್ಮನಿಗೆ ಒಬ್ಬ ಮಗಳು ವಾಪಸ್ ಬರುತ್ತಾಳೆ, ಇನ್ನೊಬ್ಬಳು ಅವತ್ತು ಸಾಯುತ್ತಾಳೆ. ಅಷ್ಟು ದಿನ ಕಣ್ಣೆದುರೇ ಓಡಾಡುತ್ತಿದ್ದ ಮಗಳು. ಆ ದೃಶ್ಯ ನಿಮ್ಮ ಸಾರಾಂಶದಲ್ಲಿ ಇಲ್ಲ. ಅಜ್ಜಿಗೆ ಮೊದಲೇ ಗೊತ್ತಿದ್ದೂ ಯಾಕೆ ಬಾಯಿ ಬಿಡಲಿಲ್ಲ ಅನ್ನುವುದಕ್ಕೆ ಉತ್ತರ ಅಲ್ಲೇ ಇರಬಹುದು.

ಹಸ್ತಪ್ರತಿಯನ್ನು ಪೆನ್ಸಿಲ್ ಗುರುತು ಹಾಕಿ ವಾಪಸ್ ಕಳಿಸಿದ್ದೇನೆ. ರಮ್ಯಾ, ಸೌಮ್ಯಾ ಅನ್ನುವ ಹೆಸರುಗಳು ಓದುವಾಗ ಕಲಸಿಹೋಗುತ್ತವೆ. ಬದಲಿಸಿ ಅಂತ ಬರೆದು ಆಮೇಲೆ ಅಳಿಸಿದೆ. ನಮ್ಮ ಕಡೆ ಅವಳಿಗಳಿಗೆ ಹಾಗೇ ಪ್ರಾಸ ಕೂಡಿಸಿ ಹೆಸರಿಡುತ್ತಾರೆ, ಇರಲಿ. 14ನೇ ಪುಟದಲ್ಲಿ ಸೌಮ್ಯಾ ಎಡಗೈಯಲ್ಲಿ ಪೆನ್ನು ಹಿಡಿಯುತ್ತಾಳೆ. 61ನೇ ಪುಟದಲ್ಲಿ, ಅಕ್ಕ ಸತ್ತ ಮೇಲೆ, ಬಲಗೈಯಲ್ಲಿ. ಬೇಕಂತಲೇ ಬರೆದ ಸುಳಿವಾ, ಇಲ್ಲ ಕೈತಪ್ಪಾ, ನನಗೆ ಗೊತ್ತಾಗಲಿಲ್ಲ. ಕೈತಪ್ಪಾಗಿದ್ದರೆ ದಯವಿಟ್ಟು ತಿದ್ದಬೇಡಿ.