ವಿಡಾರಬಿನ್ ಸ್ಪಂಜಿನಿಂದ ತೆಗೆದ ಔಷಧವೇ?

ಹರ್ಪಿಸ್ ಸೋಂಕಿಗೆ ಕೊಡುತ್ತಿದ್ದ ವಿಡಾರಬಿನ್ ಔಷಧವನ್ನು ಸಮುದ್ರದ ಸ್ಪಂಜಿನಿಂದಲೇ ತೆಗೆಯುತ್ತಿದ್ದರೇ ಎಂದು ತಾವು ಕೇಳಿದ್ದೀರಿ. ಇಲ್ಲ, ಸ್ಪಂಜಿನಿಂದ ದೊರೆತದ್ದು ಅದರ ರಚನೆಯ ಸುಳಿವು ಮಾತ್ರ. 1950ರ ದಶಕದ ಆರಂಭದಲ್ಲಿ ವರ್ನರ್ ಬರ್ಗ್‌ಮನ್ ಮತ್ತು ರಾಬರ್ಟ್ ಫೀನಿ ಅವರು ಫ್ಲಾರಿಡಾ ಕರಾವಳಿಯ ಟೆಥಿಯಾ ಕ್ರಿಪ್ಟಾ ಎಂಬ ಸ್ಪಂಜಿನಲ್ಲಿ ಸ್ಪಾಂಗೋಥೈಮಿಡಿನ್, ಸ್ಪಾಂಗೋಯುರಿಡಿನ್ ಎಂಬ ನ್ಯೂಕ್ಲಿಯೊಸೈಡ್‌ಗಳನ್ನು (ಡಿಎನ್ಎ, ಆರ್‌ಎನ್ಎಗಳ ಘಟಕಗಳಂತೆ ಒಂದು ಸಕ್ಕರೆ ಮತ್ತು ಒಂದು ಪ್ರತ್ಯಾಮ್ಲ ಸೇರಿದ ಅಣುಗಳನ್ನು) ಗುರುತಿಸಿದರು. ಅವುಗಳಲ್ಲಿದ್ದ ಸಕ್ಕರೆ ಅರಾಬಿನೋಸ್. ಆರ್‌ಎನ್ಎಯಲ್ಲಿರುವ ಸಕ್ಕರೆಯಾದ ರೈಬೋಸ್‌ಗೂ ಇದಕ್ಕೂ ಇರುವ ವ್ಯತ್ಯಾಸ ಎರಡನೆಯ ಇಂಗಾಲಕ್ಕೆ ಅಂಟಿಕೊಂಡ ಹೈಡ್ರಾಕ್ಸಿಲ್ ಗುಂಪಿನ ದಿಕ್ಕಿನದು ಮಾತ್ರವಾದರೂ, ಇಂತಹ ಸಕ್ಕರೆಯುಳ್ಳ ವಿಡಾರಬಿನ್ ಜೀವಕೋಶದೊಳಗೆ ಮೂರು ಫಾಸ್ಫೇಟ್‌ಗಳನ್ನು ಪಡೆದುಕೊಂಡು ವೈರಸ್ಸಿನ ಡಿಎನ್ಎಯನ್ನು ನಕಲು ಮಾಡುವ ಡಿಎನ್ಎ ಪಾಲಿಮರೇಸ್ ಕಿಣ್ವವನ್ನು ತಡೆಯುತ್ತದೆ. ಎಷ್ಟು ಸಣ್ಣ ಬದಲಾವಣೆ, ಎಂತಹ ಪರಿಣಾಮ! ವಿಡಾರಬಿನ್ 1960ರಲ್ಲಿ ಪ್ರಯೋಗಾಲಯದಲ್ಲಿ ತಯಾರಾಯಿತು. ಮುಂದೆ ಅದನ್ನು ಸ್ಟ್ರೆಪ್ಟೊಮೈಸಿಸ್ ಬ್ಯಾಕ್ಟೀರಿಯಾದಿಂದಲೂ ಪಡೆದರು. ಹರ್ಪಿಸ್‌ಗೆ ಕೊಡುವ ಮತ್ತೊಂದು ಔಷಧವಾದ ಅಸೈಕ್ಲೋವಿರ್ ಬಂದ ಮೇಲೆ ವಿಡಾರಬಿನ್ ಬಳಕೆ ಬಹುಮಟ್ಟಿಗೆ ತಗ್ಗಿತು.